ಕ್ಯಾಲಾ ಲಿಲಿ ಕುಂಡ ಸೊರಗಿದಾಗ: ಮೊದಲು ಗಡ್ಡೆಯನ್ನು ಮುಟ್ಟಿ ನೋಡಿ

ಎಲೆ ಹಳದಿಯಾಯಿತೆಂದು ಕ್ಯಾಲಾ ಲಿಲಿಗೆ ಇನ್ನೊಂದು ಚೊಂಬು ನೀರು ಸುರಿಯುವ ಮೊದಲು ಕುಂಡದ ಮಣ್ಣಿಗೆ ಬೆರಳಿಳಿಸಿ ಗಡ್ಡೆಯನ್ನು ಒತ್ತಿ ನೋಡಿ. ಈ ಗಿಡದ ದೊಡ್ಡ ಕಾಯಿಲೆಗಳು ಮಣ್ಣಿನೊಳಗೆ ಶುರುವಾಗುತ್ತವೆ. ಎಲೆಯ ಮೇಲೆ ಕಾಣಿಸಿಕೊಳ್ಳುವಷ್ಟರಲ್ಲಿ ಅವು ಹಳೆಯದಾಗಿರುತ್ತವೆ. ಗಡ್ಡೆ ಗಟ್ಟಿಯಾಗಿದ್ದರೆ ಯೋಚಿಸಲು ನಿಮಗೆ ಬೇಕಾದಷ್ಟು ಸಮಯವಿದೆ. ಮೆತ್ತಗಾಗಿದ್ದರೆ ಇವತ್ತೇ ಕುಂಡ ಬಗ್ಗಿಸಬೇಕು. ಕೆಳಗೆ ಬರೆದಿರುವುದೆಲ್ಲ ಈ ಒಂದು ಪರೀಕ್ಷೆಯ ನಂತರದ ಮಾತು.

ಇನ್ನೊಂದು ತೊಡಕು ಆರೈಕೆಯ ಸೂಚನೆಗಳದ್ದು. ಗಡ್ಡೆಯ ಪೊಟ್ಟಣದ ಮೇಲೆ ಅಚ್ಚಾಗಿರುವುದು ಹಿಮ ಬೀಳುವ ದೇಶಗಳ ಪಂಚಾಂಗ: ವಸಂತದಲ್ಲಿ ನೆಡಿ, ಬೇಸಿಗೆಯಲ್ಲಿ ಹೂವು ನೋಡಿ, ಹಿಮಕ್ಕೆ ಮುನ್ನ ಗಡ್ಡೆ ಕಿತ್ತು ಒಳಗಿಡಿ. ಅದನ್ನು ನಂಬಿ ದಾವಣಗೆರೆಯಲ್ಲಿ ಮಾರ್ಚ್‌ನಲ್ಲಿ ನೆಟ್ಟರೆ, ಮೊಳಕೆ ತಲೆ ಎತ್ತುವ ಹೊತ್ತಿಗೆ 38 ಡಿಗ್ರಿಯ ಏಪ್ರಿಲ್ ಬಿಸಿಲು ಕಾದಿರುತ್ತದೆ. ಬಣ್ಣದ ಕ್ಯಾಲಾಗಳಿಗೆ ಹಿತವಾದುದು 18ರಿಂದ 25 ಡಿಗ್ರಿ. ನಮ್ಮ ಕಡೆ ಅದಕ್ಕೆ ಹತ್ತಿರದ ಹವೆ ಸಿಗುವುದು ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮಾತ್ರ. ಅಂದರೆ ಅಲ್ಲಿನವರು ಗಿಡವನ್ನು ಮಲಗಿಸುವ ತಿಂಗಳುಗಳಲ್ಲಿ ನಾವು ಬೆಳೆಸಬೇಕು, ಅವರು ಬೆಳೆಸುವಾಗ ನಾವು ಮಲಗಿಸಬೇಕು. ಇಲ್ಲಿ ಗಡ್ಡೆಯನ್ನು ಕಾಪಾಡಬೇಕಾದುದು ಬೇಸಿಗೆಯಿಂದ.

ನಿಮ್ಮ ಬಳಿ ಇರುವುದು ಯಾವ ಕ್ಯಾಲಾ?

ಇದು ತಿಳಿಯದೆ ಮುಂದಿನ ಯಾವ ಸಲಹೆಯೂ ಕೆಲಸಕ್ಕೆ ಬಾರದು. ಕುಂಡದಲ್ಲಿ ಬೆಳೆಸುವವು ಎರಡು ಬಗೆ, ಬಿಳಿಯದು ಮತ್ತು ಬಣ್ಣದ್ದು. ಎರಡೂ ದಕ್ಷಿಣ ಆಫ್ರಿಕಾ ಮೂಲದವು, ಎರಡೂ ನಮ್ಮ ಕೆಸು ಮತ್ತು ಸುವರ್ಣಗಡ್ಡೆಯ ಕುಟುಂಬದವು. ಆದರೆ ಸ್ವಭಾವ ಬೇರೆ ಬೇರೆ.

ದೊಡ್ಡ ಬಿಳಿ ಹೂವಿನ, ಬಾಣದ ತುದಿಯಂಥ ಅಗಲ ಎಲೆಯ ಗಿಡ ಜಾಂಟೆಡೆಶಿಯಾ ಈಥಿಯೋಪಿಕಾ. ತವರಿನಲ್ಲಿ ಅದು ಹಳ್ಳದ ದಂಡೆಯ ಗಿಡ. ನೀಲಗಿರಿಯ ಜೌಗು ನೆಲದಲ್ಲಿ ತಾನೇ ಹರಡಿ ಕಳೆಯೆನಿಸಿಕೊಂಡಿದೆ. ಇದರ ಗಡ್ಡೆ ಶುಂಠಿಯಂತೆ ಉದ್ದಕ್ಕೆ ಹರಿಯುತ್ತದೆ, ಒದ್ದೆ ಮಣ್ಣನ್ನು ಸಹಿಸುತ್ತದೆ, ತಂಪು ಮತ್ತು ನೀರು ಇದ್ದರೆ ವರ್ಷವಿಡೀ ಹಸಿರಾಗಿಯೇ ಇರುತ್ತದೆ.

ಗುಲಾಬಿ, ಹಳದಿ, ಕಿತ್ತಳೆ, ಕಡುಗೆಂಪು ಬಣ್ಣದವು ಮಿಶ್ರತಳಿಗಳು. ಗಿಡ ಚಿಕ್ಕದು, ಗಡ್ಡೆ ಚಪ್ಪಟೆಯಾಗಿ ದುಂಡಗಿರುತ್ತದೆ, ಎಲೆಯ ಮೇಲೆ ಸಾಮಾನ್ಯವಾಗಿ ಬಿಳಿ ಚುಕ್ಕೆಗಳಿರುತ್ತವೆ. ಇವುಗಳ ಮೂಲಜಾತಿಗಳು ಮಳೆಗಾಲದಲ್ಲಿ ಬೆಳೆದು ಒಣಗಾಲದಲ್ಲಿ ಪೂರ್ತಿ ಮಲಗುವ ಹುಲ್ಲುಗಾವಲಿನ ಗಿಡಗಳು. ನಿದ್ದೆಯಲ್ಲಿರುವಾಗ ನೀರು ಕುಡಿಸಿದರೆ ಸಾಯುತ್ತವೆ. ಬಿಳಿ ಕ್ಯಾಲಾ ನೋಡಿಕೊಂಡು ಅಭ್ಯಾಸವಾದವರ ಮನೆಯಲ್ಲಿ ಬಣ್ಣದ ಕ್ಯಾಲಾ ಬೇಗ ಹೋಗುವುದು ಇದೇ ಕಾರಣಕ್ಕೆ.

ಲಕ್ಷಣ: ಎಲೆಗಳೆಲ್ಲ ಹಳದಿಯಾಗುತ್ತಿವೆ

ಇದು ನಿದ್ದೆಯೂ ಆಗಿರಬಹುದು, ಕೊಳೆಯೂ ಆಗಿರಬಹುದು. ದೂರದಿಂದ ನೋಡಿದರೆ ಎರಡೂ ಒಂದೇ ಬಣ್ಣ. ಹತ್ತಿರ ಹೋದರೆ ಗೊಂದಲವಿಲ್ಲ.

ನಿದ್ದೆಗೆ ಜಾರುವ ಗಿಡ ಅವಸರ ಮಾಡುವುದಿಲ್ಲ. ಹೂವು ಮುಗಿದು ಕೆಲವು ವಾರಗಳಾಗಿರುತ್ತವೆ. ಹೊರಸುತ್ತಿನ ಹಳೆಯ ಎಲೆ ಮೊದಲು ಹಳದಿಯಾಗಿ, ನಂತರ ಕಾಗದದಂತೆ ಒಣಗುತ್ತದೆ, ಆಮೇಲೆ ಅದರ ಒಳಗಿನದರ ಸರದಿ. ತೊಟ್ಟನ್ನು ಎಳೆದರೆ ಬುಡ ಬಿಗಿಯಾಗಿಯೇ ಇರುತ್ತದೆ. ಗಡ್ಡೆ ಗಟ್ಟಿ, ಮಣ್ಣಿಗೆ ಮಣ್ಣಿನ ವಾಸನೆ. ಫೆಬ್ರುವರಿ ಕೊನೆಗೋ ಮಾರ್ಚ್‌ನಲ್ಲೋ ಬಣ್ಣದ ಕ್ಯಾಲಾ ಹೀಗೆ ಮಾಡಿದರೆ ಅದರಲ್ಲಿ ದೋಷವೇ ಇಲ್ಲ. ನೀರು ಕಡಿಮೆ ಮಾಡುತ್ತ ಬನ್ನಿ, ಗೊಬ್ಬರ ನಿಲ್ಲಿಸಿ. ಹಸಿರು ಉಳಿದಿರುವ ಎಲೆಯನ್ನು ಅಂದಗೆಡುತ್ತದೆಂದು ಕತ್ತರಿಸಬೇಡಿ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರ ಆ ಎಲೆಯಿಂದಲೇ ಗಡ್ಡೆಗೆ ಇಳಿಯುತ್ತಿರುತ್ತದೆ.

ಕೊಳೆಗೆ ಇಷ್ಟು ತಾಳ್ಮೆಯಿಲ್ಲ. ನಿನ್ನೆ ನೆಟ್ಟಗಿದ್ದ ನಡುವಿನ ಎಳೆ ಎಲೆ ಇಂದು ಹಸಿರು ಮಾಸುವ ಮುನ್ನವೇ ಮಲಗುತ್ತದೆ. ತೊಟ್ಟನ್ನು ಮೆಲ್ಲಗೆ ಎಳೆದರೆ ಬುಡದಲ್ಲಿ ಲೋಳೆಯಾಗಿ ಕಿತ್ತು ಕೈಗೆ ಬರುತ್ತದೆ. ಕೊಳೆತ ಆಲೂಗಡ್ಡೆಯ ನಾತ ಬರುತ್ತದೆ. ಇದು ಹೋಲಿಕೆಯ ಮಾತಲ್ಲ, ಎರಡನ್ನೂ ಕೊಳೆಸುವುದು ಒಂದೇ ಬ್ಯಾಕ್ಟೀರಿಯಾ, ಪೆಕ್ಟೊಬ್ಯಾಕ್ಟೀರಿಯಂ. ಹಳೆಯ ಕೃಷಿ ಪುಸ್ತಕಗಳಲ್ಲಿ ಅದನ್ನು ಎರ್ವಿನಿಯಾ ಎಂದು ಬರೆದಿರುತ್ತಾರೆ. ಗಡ್ಡೆಯ ಮೇಲಿನ ಗಾಯದಿಂದ ಒಳಹೊಕ್ಕು, ಬಿಸಿಯೂ ಒದ್ದೆಯೂ ಆದ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಗಡ್ಡೆಯನ್ನು ಗಂಜಿ ಮಾಡುತ್ತದೆ.

ಕೊಳೆಯೆಂದು ಖಚಿತವಾದರೆ ಗಡ್ಡೆಯನ್ನು ಹೊರತೆಗೆದು ಮಣ್ಣು ತೊಳೆಯಿರಿ. ಕೈಗೆ ಗವಸು ಇರಲಿ. ಕೆಸು ಹೆಚ್ಚಿದಾಗ ಕೈ ಕಡಿಯುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಇದರಲ್ಲೂ ಇವೆ, ಮತ್ತು ಇದು ಬೇಯಿಸಿ ತಿನ್ನುವ ಗಡ್ಡೆಯಲ್ಲ. ಮಕ್ಕಳು, ನಾಯಿ, ಬೆಕ್ಕು ಬಾಯಿ ಹಾಕದಂತೆ ನೋಡಿಕೊಳ್ಳಿ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಮೆತ್ತಗಿನ ಭಾಗವನ್ನು ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಪ್ರತಿ ಕೊಯ್ತಕ್ಕೂ ಚಾಕು ಒರೆಸಬೇಕು, ಇಲ್ಲದಿದ್ದರೆ ನೀವೇ ರೋಗ ಹಂಚಿದಂತೆ. ಕತ್ತರಿಸಿದ ಮೈ ಒಣಗಿ ಚಕ್ಕೆಗಟ್ಟುವವರೆಗೆ ಎರಡು ಮೂರು ದಿನ ಗಾಳಿಯಾಡುವ ನೆರಳಿನಲ್ಲಿಟ್ಟು, ಹೊಸ ಮಿಶ್ರಣದಲ್ಲಿ ನೆಟ್ಟು, ಮೊಳಕೆ ಕಾಣುವವರೆಗೆ ಬರೀ ತೇವದಲ್ಲಿಡಿ. ಹಳೆಯ ಮಣ್ಣು ಬೇರೆ ಕುಂಡಕ್ಕೆ ಹೋಗಬಾರದು. ಶಿಲೀಂಧ್ರನಾಶಕದ ಪುಡಿ ಉದುರಿಸಿದರೆ ವಾಸಿಯಾಗುತ್ತದೆ ಎನ್ನುವವರಿದ್ದಾರೆ. ಬ್ಯಾಕ್ಟೀರಿಯಾಕ್ಕೆ ಅದರಿಂದ ಏನೂ ಆಗದು. ಮೊಳಕೆಯ ಕಣ್ಣುಗಳಿರುವ ಮೇಲ್ಭಾಗವೇ ಕೊಳೆತಿದ್ದರೆ ಎಸೆದುಬಿಡಿ ಎನ್ನುವುದು ನನ್ನ ಮಾತು. ಅರ್ಧ ಸತ್ತ ಗಡ್ಡೆಯ ಶುಶ್ರೂಷೆ ಮಾಡುತ್ತ ಪಕ್ಕದ ಕುಂಡಗಳನ್ನೂ ಕಳೆದುಕೊಂಡವರನ್ನು ನೋಡಿದ್ದೇನೆ.

ಕೊಳೆ ಎಲ್ಲಿಂದ ಬಂತು ಎಂದು ಹುಡುಕುವುದು ಮುಂದಿನ ಗಡ್ಡೆಯ ಹಿತಕ್ಕೆ. ನಮ್ಮ ಕಡೆ ಮೂರು ಕಡೆ ನೋಡಿದರೆ ಸಾಕು. ಮೊದಲನೆಯದು ಭರಣಿ, ಕೃತ್ತಿಕೆ ಮಳೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ಗುಡುಗಿನೊಂದಿಗೆ ಬರುವ ಈ ಮಳೆ, ಬಿಸಿಲಿಗೆ ಕಾದ ತಾರಸಿಯ ಮೇಲೆ ಮಲಗಿರುವ ಗಡ್ಡೆಯ ಕುಂಡವನ್ನು ತುಂಬಿಸುತ್ತದೆ. ಮಾರನೆಯ ದಿನ ಮತ್ತೆ ಬಿಸಿಲು. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಊರೆಲ್ಲ ಮಳೆಗೆ ಹಿಗ್ಗುವಾಗ ಕ್ಯಾಲಾ ಬೆಳೆಸುವವರು ಮಾತ್ರ ತಾರಸಿಗೆ ಓಡಬೇಕು. ಎರಡನೆಯದು ಕುಂಡದ ಕೆಳಗಿನ ತಟ್ಟೆ. ನೆಲ ಕೊಳೆಯಾಗದಿರಲೆಂದು ಇಟ್ಟ ತಟ್ಟೆಯಲ್ಲಿ ನಿಂತ ನೀರು ಗಡ್ಡೆಯನ್ನು ಕೊಳೆಸುತ್ತದೆ. ಮೂರನೆಯದು ಮಣ್ಣು. ಹೊಲದಿಂದ ತಂದ ಎರೆಮಣ್ಣು ಹತ್ತಿಗೆ ಚೆನ್ನ, ಕುಂಡದಲ್ಲಿ ಅದು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು, ಬಿರುಕು ಬಿಡುವಾಗ ಬೇರನ್ನೂ ಹರಿಯುತ್ತದೆ.

ಮಿಶ್ರಣಕ್ಕೆ ನಾನು ಬಳಸುವುದು ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಹಳೆಯ ಎರೆಹುಳು ಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ಕೊನೆಯದಕ್ಕೆ ದಾವಣಗೆರೆಯಲ್ಲಿ ಬರವಿಲ್ಲ. ಮಂಡಕ್ಕಿ ಭಟ್ಟಿಗಳ ಒಲೆಯಿಂದ ಬಂದದ್ದು ಕೇಳಿದರೆ ಸಿಗುತ್ತದೆ. ಆದರೆ ಆಕಾರ ಉಳಿಸಿಕೊಂಡ ಕಪ್ಪು ಹೊಟ್ಟನ್ನೇ ಆರಿಸಿಕೊಳ್ಳಿ. ಪೂರ್ತಿ ಉರಿದ ಬಿಳಿ ಬೂದಿ ಕ್ಷಾರೀಯ, ಮಣ್ಣಿನ ಸಂದುಗಳನ್ನೂ ಮುಚ್ಚುತ್ತದೆ.

ಲಕ್ಷಣ: ಹಸಿರಾಗಿಯೇ ಬಾಡಿ ಬಾಗಿದೆ, ಗಡ್ಡೆ ಗಟ್ಟಿಯಿದೆ

ಮಧ್ಯಾಹ್ನ ಎರಡು ಗಂಟೆಗೆ ಯಾವ ತೀರ್ಮಾನಕ್ಕೂ ಬರಬೇಡಿ. ಮಾರನೆಯ ಬೆಳಿಗ್ಗೆ ಬಿಸಿಲು ಬೀಳುವ ಮೊದಲು ನೋಡಿ. ಆಗ ಎಲೆ ನೆಟ್ಟಗಿದ್ದರೆ ದೋಷ ಬಿಸಿಲಿನದು, ನೀರಿನದಲ್ಲ. ಬೆಳಿಗ್ಗೆಯೂ ಬಾಗಿದ್ದು ಮಣ್ಣು ಎರಡು ಬೆರಳು ಆಳದವರೆಗೆ ಒಣಗಿದ್ದರೆ ನೀರು ಹಾಕಿ. ಬೆಳಿಗ್ಗೆ ಬಾಗಿದ್ದು ಮಣ್ಣು ಒದ್ದೆಯಿದ್ದರೆ ಬೇರು ಕೆಟ್ಟಿರುತ್ತದೆ. ಗಡ್ಡೆ ಗಟ್ಟಿಯಿದೆ ಎಂದು ಸಮಾಧಾನಪಡದೆ ಕುಂಡ ಬಗ್ಗಿಸಿ ಬೇರಿನ ಬಣ್ಣ ನೋಡಿ. ಬೆಳ್ಳಗಿದ್ದರೆ ಬದುಕು, ಕಂದಾಗಿ ಸಿಪ್ಪೆ ಸುಲಿದು ಬಂದರೆ ಬೇರುಕೊಳೆ.

ಕಪ್ಪು ಪ್ಲಾಸ್ಟಿಕ್ ಕುಂಡ ಕಾಂಕ್ರೀಟ್ ತಾರಸಿಯ ಮೇಲೆ ಕುಳಿತಿದ್ದರೆ ಗಾಳಿಗಿಂತ ಮಣ್ಣು ಬಿಸಿಯಾಗಿರುತ್ತದೆ. ಇಟ್ಟಿಗೆಯ ಮೇಲೆ ಎತ್ತಿಡಿ, ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ ನಡುವಿನ ಸಂದಿಗೆ ಮರಳು ತುಂಬಿ ಆ ಮರಳನ್ನು ಮಾತ್ರ ನೆನೆಸಿ. ಬೆಳಗಿನ ಬಿಸಿಲು ಬಿದ್ದು ಹತ್ತು ಗಂಟೆಯ ನಂತರ ನೆರಳಾಗುವ ಪೂರ್ವ ದಿಕ್ಕು ಇದಕ್ಕೆ ಪ್ರಶಸ್ತ. ಅಂಥ ಜಾಗವಿಲ್ಲದವರಿಗೆ ಅರ್ಧ ಬಿಸಿಲು ತಡೆಯುವ ಹಸಿರು ನೆರಳು ಪರದೆ.

ಚಿತ್ರದುರ್ಗದವರಿಗೆ ಸೆಕೆ ತುಸು ಕಡಿಮೆ, ಗಾಳಿ ಹೆಚ್ಚು. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಅಲ್ಲಿ ತೊಟ್ಟುಗಳು ಒಂದೇ ದಿಕ್ಕಿಗೆ ಮುರಿದು ಬಿದ್ದಿದ್ದರೆ ರೋಗ ಹುಡುಕುವ ಮೊದಲು ಪ್ಯಾರಾಪೆಟ್ ಗೋಡೆಯ ಮರೆಗೆ ಸರಿಸಿ ನೋಡಿ.

ಲಕ್ಷಣ: ಎಲೆಯ ತುದಿ, ಅಂಚು ಸುಟ್ಟಂತೆ ಕಂದಾಗಿದೆ

ಕುಂಡದ ಅಂಚಿನಲ್ಲಿ, ತಳದ ರಂಧ್ರದಲ್ಲಿ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಅದು ಕೊಳವೆಬಾವಿ ನೀರಿನ ಲವಣ. ಗಡಸು ನೀರು ದಿನವೂ ಬಿದ್ದು ಆವಿಯಾಗುತ್ತ ಹೋದರೆ ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಇದಕ್ಕಿಂತ ಕೆಟ್ಟದ್ದು ನೀರು ಶುದ್ಧೀಕರಣ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರು. ಹಾಳಾಗಬಾರದೆಂದು ಅದನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುವ ಮನೆಗಳು ಬಹಳ. ಉಳಿತಾಯದ ಬುದ್ಧಿ ಮೆಚ್ಚುವಂಥದ್ದೇ. ಆದರೆ ಕುಡಿಯುವ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಸೇರಿರುವುದು ಆ ಬಕೆಟ್‌ನಲ್ಲಿ. ಅದು ನೆಲ ಒರೆಸಲು ಆಗಲಿ.

ಪರಿಹಾರ ಸುಲಭ. ತಿಂಗಳಿಗೊಮ್ಮೆ, ಗಿಡ ಬೆಳೆಯುತ್ತಿರುವಾಗ ಮಾತ್ರ, ಕುಂಡದ ಎರಡರಷ್ಟು ಸಿಹಿನೀರು ಅಥವಾ ಹಿಡಿದಿಟ್ಟ ಮಳೆನೀರನ್ನು ನಿಧಾನವಾಗಿ ಹರಿಸಿ ಉಪ್ಪನ್ನು ತೊಳೆಯಿರಿ. ಸುಟ್ಟ ತುದಿ ಮತ್ತೆ ಹಸಿರಾಗದು, ಹೊಸ ಎಲೆ ಹೇಗೆ ಬರುತ್ತದೆ ಎಂಬುದೇ ಗುರುತು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಮಣ್ಣು ಕ್ಷಾರೀಯವಾಗಿ ಕಬ್ಬಿಣ ಸಿಗುತ್ತಿಲ್ಲವೆಂದು ಅರ್ಥ. ಕೃಷಿ ಅಂಗಡಿಯಲ್ಲಿ ಸಿಗುವ ಚೀಲೇಟೆಡ್ ಕಬ್ಬಿಣವನ್ನು ಪೊಟ್ಟಣದ ಪ್ರಮಾಣದಂತೆ ಕೊಡಿ.

ಲಕ್ಷಣ: ಎಲೆ ಸಮೃದ್ಧ, ಹೂವಿಲ್ಲ

ಹೂವಿನ ಲೆಕ್ಕ ಗಡ್ಡೆಯ ಗಾತ್ರದಲ್ಲಿದೆ. ಅಗ್ಗಕ್ಕೆ ಸಿಕ್ಕಿದ ಅಡಿಕೆ ಗಾತ್ರದ ಗಡ್ಡೆ ಮೊದಲ ವರ್ಷ ಎಲೆ ಕೊಟ್ಟರೆ ಅದೇ ಅದರ ಯೋಗ್ಯತೆ. ಒಂದೆರಡು ವರ್ಷ ಎಲೆಯುಂಡು ದಪ್ಪವಾಗಲಿ. ದೊಡ್ಡ ಗಡ್ಡೆಯಿದ್ದೂ ಹೂವಿಲ್ಲದಿದ್ದರೆ ವಿಶ್ರಾಂತಿ ಸಿಕ್ಕಿತ್ತೇ ಎಂದು ಕೇಳಿಕೊಳ್ಳಿ. ಬಣ್ಣದ ಕ್ಯಾಲಾಕ್ಕೆ ಕನಿಷ್ಠ ಎರಡು ಮೂರು ತಿಂಗಳ ಒಣ ನಿದ್ದೆ ಬೇಕು. ವರ್ಷವಿಡೀ ನೀರು ಕುಡಿಸಿ ಹಸಿರಾಗಿಟ್ಟ ಗಿಡ ಮುಂದಿನ ಸಲ ಹೂವಿಗೆ ಬರುವುದು ಅನುಮಾನ.

ಇನ್ನುಳಿದದ್ದು ಗೊಬ್ಬರ ಮತ್ತು ಬೆಳಕು. ಯೂರಿಯಾ ಹಾಕಿದವರಿಗೆ ಎಲೆ, ಪೊಟ್ಯಾಷ್ ಹಾಕಿದವರಿಗೆ ಹೂವು ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಆದರೂ ದಾರಿ ತಪ್ಪಿಸುವ ಮಾತಲ್ಲ. ತೊಟ್ಟು ಉದ್ದವಾಗಿ ಕಿಟಕಿಯ ಕಡೆ ವಾಲಿದ್ದರೆ ಬೆಳಕು ಸಾಲದು. ಹೂವಿನ ಬೆಳೆಗಾರರು ನೆಡುವ ಮುನ್ನ ಗಡ್ಡೆಯನ್ನು ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ ದ್ರಾವಣದಲ್ಲಿ ಅದ್ದುವುದುಂಟು. ಹೂವಿನ ಸಂಖ್ಯೆ ಹೆಚ್ಚುವುದು ನಿಜ, ದ್ರಾವಣ ಹೆಚ್ಚಾದರೆ ಹೂವು ವಿಕಾರವಾಗುವುದೂ ನಿಜ. ಮನೆಯ ಕುಂಡಕ್ಕೆ ಅದರ ಗೊಡವೆ ಬೇಡ.

ನೆಡುವ ಕಾಲ ತಪ್ಪಿದರೂ ಹೂವು ತಪ್ಪುತ್ತದೆ. ಗಡ್ಡೆ ನೆಟ್ಟ ಎರಡರಿಂದ ಮೂರು ತಿಂಗಳಿಗೆ ಹೂವು ಬರುತ್ತದೆ. ಚಿತ್ತೆ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವಿನಲ್ಲಿ, ಕಣ್ಣುಗಳು ಮೇಲೆ ಬರುವಂತೆ ಮೂರು ನಾಲ್ಕು ಬೆರಳು ಆಳದಲ್ಲಿ ನೆಟ್ಟರೆ ಸಂಕ್ರಾಂತಿಯ ಆಸುಪಾಸಿನ ತಂಪಿನಲ್ಲಿ ಹೂವು. ಜನವರಿಯಲ್ಲಿ ನೆಟ್ಟರೆ ಮೊಗ್ಗು ಏಳುವಾಗ ಬಿಸಿಲು ಏರಿರುತ್ತದೆ.

ದೋಷವಲ್ಲದ ದೋಷಗಳು

ಎಲೆಯ ತುದಿಯಲ್ಲಿ ಬೆಳಿಗ್ಗೆ ನೀರಿನ ಹನಿ ನಿಂತಿದ್ದರೆ ಗಿಡ ಹೆಚ್ಚಿನ ನೀರನ್ನು ಹೊರಹಾಕಿದೆ ಅಷ್ಟೇ. ಎಲೆ ಬಿಚ್ಚುವಾಗಲೇ ಇರುವ, ಬೆಳಕಿಗೆ ಹಿಡಿದರೆ ಪಾರಕವಾಗಿ ಕಾಣುವ ಬಿಳಿ ಚುಕ್ಕೆಗಳು ತಳಿಯ ಸೊಬಗು. ಅದಕ್ಕೆ ಔಷಧಿ ಹೊಡೆದವರೂ ಇದ್ದಾರೆ. ಹೂವು ಹಳತಾಗುತ್ತ ಹಸಿರಾಗುವುದು ಸಹಜ, ಬೀಜ ಕಟ್ಟುವ ಮೊದಲು ಕತ್ತರಿಸಿ.

ಕೀಟಗಳ ವಿಷಯ ಚಿಕ್ಕದು. ಹೂವಿನ ಮೇಲೆ ಬೆಳ್ಳಿಯಂಥ ಗೀರುಗಳಿದ್ದರೆ ಥ್ರಿಪ್ಸ್. ಎಲೆಯಡಿ ಸಣ್ಣ ಬಲೆ, ಮೇಲೆ ಮಾಸಲು ಚುಕ್ಕೆಗಳಿದ್ದರೆ ಕೆಂಪು ಜೇಡನುಸಿ, ಅದು ಬಿಸಿಲೇರಿದ ಫೆಬ್ರುವರಿಯ ಅತಿಥಿ. ಎಲೆಯ ಅಡಿಭಾಗವನ್ನು ನೀರಿನ ರಭಸದಿಂದ ತೊಳೆದು, ಸಂಜೆ ಹೊತ್ತು ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಒಂದೆರಡು ಹನಿ ಸೋಪು ದ್ರಾವಣದೊಂದಿಗೆ ಕಲಸಿ ಸಿಂಪಡಿಸಿ.

ಬೇಸಿಗೆಯಲ್ಲಿ ಗಡ್ಡೆ ಇಡುವುದು

ಎಲೆ ಪೂರ್ತಿ ಒಣಗಿದ ಮೇಲೆ ಎರಡು ದಾರಿ. ಕುಂಡವನ್ನು ಹಾಗೆಯೇ ಮಳೆ ಬೀಳದ, ಮನೆಯ ಅತಿ ತಂಪಾದ ಮೂಲೆಗೆ ಒಯ್ಯಬಹುದು. ಮಾಳಿಗೆಯ ಕೋಣೆ ಬೇಡ, ನೆಲಮಹಡಿಯ ಮೆಟ್ಟಿಲ ಕೆಳಗಿನ ಜಾಗ ಸಾಕು. ಇಲ್ಲವೇ ಗಡ್ಡೆ ಕಿತ್ತು, ಗಾಯವಾಗದಂತೆ ಮಣ್ಣು ಉದುರಿಸಿ, ಕೆಲವು ದಿನ ನೆರಳಿನಲ್ಲಿ ಆರಿಸಿ, ಒಣ ನಾರಿನ ಪುಡಿಯಲ್ಲಿ ಒಂದಕ್ಕೊಂದು ತಾಗದಂತೆ ಹುದುಗಿಸಿ ರಟ್ಟಿನ ಡಬ್ಬಿಯಲ್ಲಿಡಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ತಿಂಗಳಿಗೊಮ್ಮೆ ಒತ್ತಿ ನೋಡಿ. ಸುಕ್ಕುಗಟ್ಟುತ್ತಿದ್ದರೆ ಪುಡಿಯ ಮೇಲೆ ತುಸು ನೀರು ಚಿಮುಕಿಸಿ, ಬೂಷ್ಟು ಬಂದಿದ್ದರೆ ಒರೆಸಿ ಗಾಳಿಗೆ ಇಡಿ.

ಫ್ರಿಜ್ಜಿನಲ್ಲಿ ಇಡಬಹುದೇ ಎಂದು ಪದೇ ಪದೇ ಕೇಳುತ್ತಾರೆ. ಬೇಡ. ಮನೆಯ ಫ್ರಿಜ್ಜಿನ 4 ಡಿಗ್ರಿ ಈ ಗಡ್ಡೆಗೆ ಅತಿ ತಣ್ಣಗೆ, ತರಕಾರಿಯ ಪೆಟ್ಟಿಗೆಯಲ್ಲಿ ತೇವವೂ ಹೆಚ್ಚು. ಬಿಳಿ ಕ್ಯಾಲಾಕ್ಕೆ ಈ ಸಂಭ್ರಮವೇ ಬೇಡ. ದಟ್ಟ ನೆರಳಿಗೆ ಸರಿಸಿ ಮಣ್ಣು ಆರದಂತೆ ನೋಡಿಕೊಂಡರೆ ಸಾಕು. ಸೊರಗಿದರೂ ಮಳೆ ತಂಪಾದಾಗ ಚಿಗುರುತ್ತದೆ.

ಹಿಮ ಬೀಳುವ ಊರಿನಲ್ಲಿರುವವರಿಗೆ

ಮಗನೋ ಸೊಸೆಯೋ ಅಮೆರಿಕದ ಉತ್ತರ ರಾಜ್ಯಗಳಲ್ಲಿದ್ದು "ಅತ್ತೆ, ನಮ್ಮ ಕ್ಯಾಲಾ ಒಂದೇ ರಾತ್ರಿಗೆ ಕಪ್ಪಾಯಿತು" ಎಂದು ಫೋನ್ ಮಾಡಿದರೆ ಹೆದರಿಸಬೇಡಿ. ಮೊದಲ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿ ಎಲೆ ಕಪ್ಪಾಗುತ್ತದೆ, ಮಣ್ಣು ಇನ್ನೂ ಹೆಪ್ಪುಗಟ್ಟಿರದಿದ್ದರೆ ಗಡ್ಡೆ ಉಳಿದಿರುತ್ತದೆ. ಕುಂಡದ ಮಣ್ಣು ನೆಲಕ್ಕಿಂತ ಬೇಗ ಹೆಪ್ಪುಗಟ್ಟುವುದರಿಂದ ಅಂದೇ ಒಳಗೆ ತರಬೇಕು.

ಅಲ್ಲಿನ ಕ್ರಮ ಹೀಗಿದೆ: ಎಲೆಯನ್ನು ಒಂದೆರಡು ಬೆರಳು ಬಿಟ್ಟು ಕತ್ತರಿಸಿ, ಗಡ್ಡೆಯನ್ನು ಕೆಲವು ದಿನ ಒಣ ಜಾಗದಲ್ಲಿ ಆರಿಸಿ, ಒಣ ಪೀಟ್ ಅಥವಾ ವರ್ಮಿಕ್ಯುಲೈಟ್‌ನಲ್ಲಿ ಹುದುಗಿಸಿ 10ರಿಂದ 13 ಡಿಗ್ರಿಯ ಕತ್ತಲೆಯ ನೆಲಮಾಳಿಗೆಯಲ್ಲಿಡುವುದು. ಒಣಗಿಸಿದ ಕುಂಡದಲ್ಲೇ ಬಿಟ್ಟರೂ ನಡೆಯುತ್ತದೆ. ವಸಂತಕ್ಕೆ ತೆಗೆದಾಗ ಗಡ್ಡೆ ನೀರಾಗಿದ್ದರೆ ಅದು ಹೆಪ್ಪುಗಟ್ಟಿ ಕರಗಿದೆ, ಕಾರು ನಿಲ್ಲಿಸುವ ಕೋಣೆಯಲ್ಲಿ ಇಟ್ಟಿದ್ದರೇ ಎಂದು ಕೇಳಿ. ಸುಕ್ಕಾಗಿ ಹಗುರಾಗಿದ್ದರೆ ಮನೆ ಬಿಸಿ ಮಾಡುವ ಯಂತ್ರದ ಪಕ್ಕದಲ್ಲಿತ್ತು. ಬೂಷ್ಟು ಹಿಡಿದಿದ್ದರೆ ಸರಿಯಾಗಿ ಆರಿಸದೆ ತುಂಬಿದ್ದಾರೆ. ಕೊನೆಯ ಹಿಮಕ್ಕೆ ಆರೆಂಟು ವಾರ ಮುಂಚೆ ಒಳಗೇ ಕುಂಡಕ್ಕೆ ಹಾಕಿ, ಹಿಮದ ಭಯ ಕಳೆದ ಮೇಲೆ ಹೊರಗಿಡಬೇಕು. ಬಿಳಿ ಕ್ಯಾಲಾವನ್ನು ಮಲಗಿಸದೆ ಬೆಳಕಿರುವ ತಂಪು ಕಿಟಕಿಯ ಬಳಿ ಚಳಿಗಾಲವಿಡೀ ಇಟ್ಟುಕೊಳ್ಳಬಹುದು, ಬಿಸಿಗಾಳಿ ಬರುವ ಕಿಂಡಿಯ ನೇರಕ್ಕೆ ಮಾತ್ರ ಬೇಡ.

ಉಳಿಸಲಾಗದ ಗಿಡ

ಎಲೆಯ ಮೇಲೆ ತಿಳಿ, ಕಡು ಹಸಿರಿನ ಒಡಕು ಪಟ್ಟೆಗಳಿದ್ದು, ಹೊಸ ಎಲೆಗಳು ಮುದುಡಿ ತಿರುಚಿ ಬರುತ್ತಿದ್ದರೆ ಅದು ವೈರಸ್ ಆಗಿರುವ ಸಾಧ್ಯತೆ ಹೆಚ್ಚು. ಕೆಸುವನ್ನು ಕಾಡುವ ಡಶೀನ್ ಮೊಸಾಯಿಕ್ ವೈರಸ್ ಕ್ಯಾಲಾಕ್ಕೂ ತಗಲುತ್ತದೆ, ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಇದಕ್ಕೆ ಔಷಧಿಯಿಲ್ಲ, ಗಡ್ಡೆಯಲ್ಲೂ ವೈರಸ್ ಉಳಿಯುವುದರಿಂದ ಮಲಗಿಸಿ ಎಬ್ಬಿಸಿದರೂ ಹೋಗದು. ಗಡ್ಡೆಸಮೇತ ಕಿತ್ತು ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಪತ್ರೊಡೆಗೆಂದು ಪಕ್ಕದಲ್ಲೇ ಕೆಸು ಬೆಳೆಸಿಕೊಂಡಿದ್ದರೆ ಅದರ ಎಲೆಗಳನ್ನೂ ಅವತ್ತೇ ತಿರುಗಿಸಿ ನೋಡಿ.